ಹಫ್ತಾ ಹಾಕಿಕೊಟ್ಟ ದಾರಿ

ಪೊಲೀಸರಿಗೆ ಕೊಡುವ ದುಡ್ಡಿಗೆ ಊರಿನಲ್ಲಿ ‘ಮಾಮೂಲಿ’ ಎನ್ನುತ್ತೇವೆ. ಥಾಣೆ, ಡೊಂಬಿವಲಿ, ಕಲ್ಯಾಣದಲ್ಲಿ ಅದೇ ದುಡ್ಡಿಗೆ ‘ಹಫ್ತಾ’ ಎನ್ನುತ್ತಾರೆ. ಒಂದು ಪದದ ಅರ್ಥ ಎಂದಿನಂತೆ ನಡೆಯುವುದು, ಇನ್ನೊಂದರ ಅರ್ಥ ವಾರ. ಎರಡರಲ್ಲಿಯೂ ಲಂಚದ ಸುಳಿವಿಲ್ಲ. ಹಾಲಿನವನ ಲೆಕ್ಕ, ಪೇಪರಿನವನ ಲೆಕ್ಕದ ಹಾಗೆ ಇದೂ ಒಂದು ಲೆಕ್ಕ. ಬಾರು ಒಂದು ಗಂಟೆ ತಡವಾಗಿ ಮುಚ್ಚಲು, ಕೈಗಾಡಿ ಸ್ಟೇಶನ್ನಿನ ಎದುರು ನಿಲ್ಲಲು, ಹೋಟೆಲಿನ ಮೇಜು ಫುಟ್‌ಪಾತಿಗೆ ಬರಲು ಕೊಡುವ ಈ ದುಡ್ಡಿನಿಂದ ಯಾರಿಗೂ ನಷ್ಟವಿಲ್ಲ ಎಂಬುದು ನಮ್ಮ ನಂಬಿಕೆ. ನಮ್ಮ ಮಕ್ಕಳ ಕಾಲೇಜಿನ ಗೇಟಿನವರೆಗೆ ಮಾದಕ ಪುಡಿ ಬಂದಿರುವುದು ಈ ದುಡ್ಡು ಹಾಕಿಕೊಟ್ಟ ದಾರಿಯಲ್ಲೇ ಎಂಬುದು ನನ್ನ ವಾದ.

ಮೊದಲು ಈ ಊರುಗಳ ನಕ್ಷೆಯನ್ನು ನೋಡೋಣ. ಥಾಣೆ, ಭಿವಂಡಿ, ಕಲ್ಯಾಣ, ಡೊಂಬಿವಲಿ, ಉಲ್ಲಾಸನಗರ, ಅಂಬರನಾಥ, ಬದಲಾಪುರ ಎಲ್ಲವೂ ಥಾಣೆ ಪೊಲೀಸ್ ಕಮಿಷನರರ ವ್ಯಾಪ್ತಿಯಲ್ಲಿವೆ. ಖಾರಿ ದಾಟಿದರೆ ನವಿ ಮುಂಬಯಿಗೆ ಬೇರೆ ಕಮಿಷನರ್. ನಾಸಿಕ್ ಮತ್ತು ಪುಣೆಯ ಹೆದ್ದಾರಿಗಳು, ಡೊಂಬಿವಲಿ, ಅಂಬರನಾಥ, ತಳೋಜಾಗಳ ರಾಸಾಯನಿಕ ಕಾರ್ಖಾನೆಗಳು, ವಾಶಿಯ ಸಗಟು ಮಾರುಕಟ್ಟೆ, ನ್ಹಾವಾ ಶೇವಾ ಬಂದರು ಎಲ್ಲವೂ ಒಂದೆರಡು ಗಂಟೆಯ ದಾರಿಯೊಳಗಿವೆ. ಬೆಳಗಿನ ಲೋಕಲ್ ಹಿಡಿದು ಹೋದ ಅಪ್ಪ ಅಮ್ಮ ಮನೆಗೆ ಮರಳುವುದು ರಾತ್ರಿಯೇ. ಸರಕು ಬರಲು, ತಯಾರಾಗಲು, ಮಾರಾಟವಾಗಲು ಬೇಕಾದದ್ದೆಲ್ಲ ಇಲ್ಲಿದೆ. ಕಾಯಬೇಕಾದವರು ಕಾಯುತ್ತಿದ್ದಾರೆಯೇ ಎಂಬುದೊಂದೇ ಉಳಿಯುವ ಪ್ರಶ್ನೆ.

ಬಂದರಿನ ಕಥೆಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2022ರ ಸೆಪ್ಟೆಂಬರ್ ಕೊನೆಗೆ ವಾಶಿಯಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು ಕಿತ್ತಳೆ ಹಣ್ಣಿನ ಲಾರಿಯೊಂದನ್ನು ತಡೆದರು. ದಕ್ಷಿಣ ಆಫ್ರಿಕಾದಿಂದ ಬಂದ ಆ ಪೆಟ್ಟಿಗೆಗಳಲ್ಲಿ 198 ಕಿಲೋ ಮೆಥ್, 9 ಕಿಲೋ ಕೊಕೇನ್ ಇತ್ತು. ಕೆಲವೇ ದಿನಗಳಲ್ಲಿ ನ್ಹಾವಾ ಶೇವಾದಲ್ಲಿ ಹಸಿರು ಸೇಬಿನ ನಡುವೆ ಸುಮಾರು 50 ಕಿಲೋ ಕೊಕೇನ್ ಸಿಕ್ಕಿತು. ಇವು ದೊಡ್ಡ ಸುದ್ದಿಗಳು. ಆದರೆ ಕಲ್ಯಾಣದ ಹುಡುಗನ ಜೇಬಿಗೆ ಬರುವುದು ಸಾಮಾನ್ಯವಾಗಿ ಕೊಕೇನ್ ಅಲ್ಲ. ಅವನಿಗೆ ಸಿಗುವುದು ಗಾಂಜಾ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಮತ್ತು ‘ಎಂಡಿ’ ಎಂದು ಕರೆಯುವ ಮೆಫೆಡ್ರೋನ್.

ಎಂಡಿಗೆ ಅಫೀಮಿನ ಹೊಲ ಬೇಡ, ಗಡಿ ದಾಟಬೇಕಿಲ್ಲ. ಕಾರ್ಖಾನೆಗಳಿಗೆ ಬರುವ ರಾಸಾಯನಿಕಗಳು, ಒಂದು ಶೆಡ್ಡು, ಕೆಲಸ ಬಲ್ಲ ಒಬ್ಬ ಮನುಷ್ಯ ಇದ್ದರೆ ಸಾಕು. 2015ರ ಫೆಬ್ರವರಿಯವರೆಗೆ ಇದು ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲೇ ಇರಲಿಲ್ಲ. ಈಗ 50 ಗ್ರಾಂಗಿಂತ ಹೆಚ್ಚು ಸಿಕ್ಕಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ 10 ವರ್ಷ. ಆದರೂ 2022ರಲ್ಲಿ ನಾಲಾಸೋಪಾರಾದಲ್ಲಿ 700 ಕಿಲೋಗೂ ಹೆಚ್ಚು ಎಂಡಿ ಸಿಕ್ಕಿತು. 2023ರಲ್ಲಿ ನಾಸಿಕ್ ಬಳಿಯ ಶಿಂದೆ ಗ್ರಾಮದಲ್ಲಿ ಕಾರ್ಖಾನೆಯೇ ಸಿಕ್ಕಿತು. 2025ರ ಜುಲೈಯಲ್ಲಿ ಮುಂಬಯಿಯ ಸಾಕಿನಾಕಾ ಪೊಲೀಸರು ಸಣ್ಣ ಪ್ರಕರಣವೊಂದರ ಜಾಡು ಹಿಡಿದು ಮೈಸೂರಿನವರೆಗೆ ಹೋದರು. ಅಲ್ಲಿನ ವರ್ತುಲ ರಸ್ತೆಯ ಬಳಿಯ ಶೆಡ್ಡಿನಲ್ಲಿ ಎಂಡಿ ತಯಾರಾಗುತ್ತಿತ್ತು. ಆ ಪ್ರಕರಣದಲ್ಲಿ ಹಿಡಿದ ಮಾಲಿನ ಬೆಲೆ ಸುಮಾರು 390 ಕೋಟಿ ರೂಪಾಯಿ ಎಂದು ಪೊಲೀಸರು ಹೇಳಿದರು. ಮುಂಬಯಿ ಕೆಟ್ಟಿದೆ, ಹುಡುಗನನ್ನು ಊರಿಗೆ ಕಳುಹಿಸಿಬಿಡೋಣ ಎನ್ನುವ ನಮ್ಮವರು ಮೈಸೂರಿನ ಈ ಶೆಡ್ಡನ್ನು ನೆನಪಿಡಬೇಕು.

ಇಷ್ಟು ಮಾಲು ಯಾರ ಕಣ್ಣಿಗೂ ಬೀಳದೆ ತಿರುಗಾಡುವುದು ಹೇಗೆ? ಲಲಿತ್ ಪಾಟೀಲ್ ಪ್ರಕರಣವನ್ನೇ ತೆಗೆದುಕೊಳ್ಳಿ. ಯೆರವಡಾ ಜೈಲಿನಲ್ಲಿರಬೇಕಿದ್ದ ಈ ಆರೋಪಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದ. 2023ರ ಸೆಪ್ಟೆಂಬರ್ ಕೊನೆಗೆ ಆಸ್ಪತ್ರೆಯ ಹೊರಗೇ ಸುಮಾರು 2 ಕೋಟಿ ರೂಪಾಯಿಯ ಎಂಡಿ ಸಿಕ್ಕಿತು. ಅಕ್ಟೋಬರ್ 2ರಂದು ಅವನು ಅಲ್ಲಿಂದ ಪರಾರಿಯಾದ, ಎರಡು ವಾರದ ಮೇಲೆ ಬೆಂಗಳೂರಿನ ಬಳಿ ಸಿಕ್ಕಿಬಿದ್ದ. ಕಾವಲಿದ್ದ ಪೊಲೀಸರು ಅಮಾನತಾದರು. 2025ರಲ್ಲಿ ನವಿ ಮುಂಬಯಿಯ ಸರದಿ. ವಿದೇಶದಿಂದ ಗಾಂಜಾ ತರಿಸುವ ಜಾಲದ ತನಿಖೆಯಲ್ಲಿ ಅಲ್ಲಿನ ಪೊಲೀಸರು ತಮ್ಮದೇ ಇಲಾಖೆಯ ಸಿಬ್ಬಂದಿಯನ್ನೂ ಒಬ್ಬ ಕಸ್ಟಮ್ಸ್ ಅಧಿಕಾರಿಯನ್ನೂ ಬಂಧಿಸಿದರು. ಆರೋಪಗಳನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಪ್ರತಿ ಬಾರಿಯೂ ಸಿಕ್ಕಿಬೀಳುವವರು ಕೆಳಗಿನ ದರ್ಜೆಯವರು, ಪ್ರತಿ ಬಾರಿಯೂ ಇಲಾಖೆ ಹೇಳುವುದು ‘ಒಂದೆರಡು ಕೊಳೆತ ಹಣ್ಣು’ ಎಂದು. ಬುಟ್ಟಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಆ ಬುಟ್ಟಿಯ ಪರಿಚಯ ನಮ್ಮ ಹೋಟೆಲು ಬಾರಿನವರಿಗೆ ಎಲ್ಲರಿಗಿಂತ ಚೆನ್ನಾಗಿ ಇದೆ. 2021ರ ಮಾರ್ಚ್‌ನಲ್ಲಿ ಮುಂಬಯಿಯ ಕಮಿಷನರ್ ಹುದ್ದೆಯಿಂದ ವರ್ಗವಾಗಿದ್ದ ಪರಮಬೀರ್ ಸಿಂಗ್ ಮುಖ್ಯಮಂತ್ರಿಗೆ ಪತ್ರ ಬರೆದರು. ಗೃಹಮಂತ್ರಿ ಅನಿಲ್ ದೇಶಮುಖ್ ತಿಂಗಳಿಗೆ 100 ಕೋಟಿ ರೂಪಾಯಿ ಎತ್ತಿಕೊಡಲು ಹೇಳಿದ್ದಾರೆ, ನಗರದ 1,750 ಬಾರು ರೆಸ್ಟೊರೆಂಟುಗಳಿಂದ ತಲಾ 2-3 ಲಕ್ಷದ ಲೆಕ್ಕ ಕೊಟ್ಟಿದ್ದಾರೆ ಎಂಬುದು ಅವರ ಆರೋಪ. ದೇಶಮುಖ್ ಅದನ್ನು ಅಲ್ಲಗಳೆದರು, ರಾಜೀನಾಮೆ ಕೊಟ್ಟರು, ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದರು. ಪತ್ರ ಬರೆದವರ ಮೇಲೆಯೂ ಅದೇ ವರ್ಷ ಥಾಣೆಯಲ್ಲಿ ಸುಲಿಗೆಯ ದೂರುಗಳು ದಾಖಲಾದವು. ಅವರು ಅಮಾನತಾದರು, 2023ರಲ್ಲಿ ಸರ್ಕಾರ ಆ ಆದೇಶವನ್ನು ಹಿಂದೆಗೆಯಿತು. ಯಾರು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಆ ದಿನಗಳಲ್ಲಿ ಗಲ್ಲಾದ ಹಿಂದೆ ಕೂತ ನಮ್ಮ ಜನ ಬೆರಗಾದದ್ದು ಮೊತ್ತಕ್ಕೆ. ಬಾರಿನಿಂದ ದುಡ್ಡು ಹೋಗುತ್ತದೆ ಎಂಬ ಮಾತಿಗೆ ಯಾರೂ ಹುಬ್ಬೇರಿಸಲಿಲ್ಲ.

ಹಫ್ತಾ ಕೊಟ್ಟು ನಾವು ಕೊಳ್ಳುವುದು ಏನನ್ನು? ಬೀಟ್ ಪೇದೆಯ ಬಳಿ ಇರುವ ಬೆಲೆಬಾಳುವ ಆಯುಧ ಲಾಠಿಯಲ್ಲ, ಕಣ್ಣು. ಯಾವ ಪಾನ್ ಟಪರಿಯ ಮುಂದೆ ಯಾರು ನಿಲ್ಲುತ್ತಾರೆ, ಯಾವ ಮುಚ್ಚಿದ ಗಾಳೆಯಲ್ಲಿ ರಾತ್ರಿ ದೀಪ ಉರಿಯುತ್ತದೆ ಎಂಬುದು ಅವನಿಗೆ ಗೊತ್ತಿರಬೇಕು. ಹಫ್ತಾ ಆ ಕಣ್ಣನ್ನು ಮುಚ್ಚಲು ಕೊಡುವ ಬಾಡಿಗೆ. ಬಾರಿಗಾಗಿ ಮುಚ್ಚಿದ ಕಣ್ಣು ಪಕ್ಕದ ಅಂಗಡಿಗೆ ಮಾತ್ರ ತೆರೆದಿರುವುದಿಲ್ಲ. ಇನ್ನೂ ಒಂದು ನಷ್ಟವಿದೆ. ದುಡ್ಡು ಕೊಟ್ಟವನು ದೂರು ಕೊಡಲಾರ. ತನ್ನ ಗಲ್ಲಿಯಲ್ಲಿ ಪುಡಿ ಮಾರುವವನ ಹೆಸರು ಹೋಟೆಲಿನವನಿಗೆ ಗೊತ್ತಿರುತ್ತದೆ, ಆದರೆ ನಾಳೆ ತನ್ನದೇ ಪರವಾನಗಿ ತೆರೆದು ಕೂತರೆ ಎಂಬ ಭಯ. ಹೀಗೆ ಊರಿನ ಅತ್ಯಂತ ತಿಳಿದ ಸಾಕ್ಷಿಗಳು ಮೂಕರಾಗುತ್ತಾರೆ.

ದೊಡ್ಡ ಪ್ರಕರಣಗಳು ಈ ಮೌನವನ್ನು ತುಂಬಲಾರವು. 2016ರಲ್ಲಿ ಥಾಣೆ ಪೊಲೀಸರು ಸೋಲಾಪುರದ ಕಾರ್ಖಾನೆಯೊಂದರಿಂದ ಸುಮಾರು 18.5 ಟನ್ ಎಫೆಡ್ರಿನ್ ವಶಪಡಿಸಿಕೊಂಡರು. ಮಾಲು ಕೀನ್ಯಾಕ್ಕೆ ಹೋಗಬೇಕಿತ್ತು ಎಂದರು. ಚಿತ್ರನಟಿ ಮಮತಾ ಕುಲಕರ್ಣಿಯ ಹೆಸರು ಬಂದ ಮೇಲೆ ವಾಹಿನಿಗಳಿಗೆ ಹಬ್ಬವಾಯಿತು. 2024ರಲ್ಲಿ ಬಾಂಬೆ ಹೈಕೋರ್ಟ್ ಸಾಕಷ್ಟು ಆಧಾರವಿಲ್ಲವೆಂದು ಆಕೆಯ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಅತ್ತ ಕೀನ್ಯಾದ ಮೊಂಬಾಸಾ ಕೂಡ ಸಮುದ್ರತೀರದ ಪ್ರವಾಸಿ ನಗರ. ಅಲ್ಲಿನ ಅಕಾಶಾ ಸಹೋದರರು ಮಾದಕ ವ್ಯಾಪಾರದ ಜೊತೆಗೆ ಅಧಿಕಾರಿಗಳಿಗೆ ಲಂಚ ಕೊಟ್ಟು ನ್ಯಾಯಕ್ಕೆ ಅಡ್ಡಿ ಮಾಡಿದ್ದನ್ನೂ ಒಪ್ಪಿಕೊಂಡರು. ಆದರೆ ಒಪ್ಪಿಕೊಂಡದ್ದು ನ್ಯೂಯಾರ್ಕಿನ ನ್ಯಾಯಾಲಯದಲ್ಲಿ. ಅಣ್ಣನಿಗೆ 25 ವರ್ಷ, ತಮ್ಮನಿಗೆ 23 ವರ್ಷ ಶಿಕ್ಷೆಯಾಯಿತು. ಸ್ವಂತ ಊರಿನ ಪೊಲೀಸು ಕೊಳೆತರೆ ನ್ಯಾಯ ಎಷ್ಟು ದೂರ ಪ್ರಯಾಣ ಮಾಡಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇದಕ್ಕೆ ಒಂದು ಉತ್ತರವಿದೆ, ಅದು ಹಗುರವಾದದ್ದಲ್ಲ. ಮಾಲು ಹಿಡಿಯುವವರೂ ಪೊಲೀಸರೇ ತಾನೆ? ಹೌದು. ಸಾಕಿನಾಕಾದಿಂದ ಮೈಸೂರಿಗೆ ಹೋದವರು ಪೊಲೀಸರೇ. ನವಿ ಮುಂಬಯಿಯಲ್ಲಿ ತಮ್ಮವನನ್ನೇ ಬಂಧಿಸಿದವರೂ ಪೊಲೀಸರೇ. ಕಾನೂನನ್ನು ಬಿಗಿ ಮಾಡಿದರೆ ಸಾಕು ಎನ್ನುವವರಿದ್ದಾರೆ. 2025ರ ಜುಲೈಯಲ್ಲಿ ಮಹಾರಾಷ್ಟ್ರ ವಿಧಾನಮಂಡಲ ‘ಮೋಕಾ’ ಕಾಯ್ದೆಯನ್ನು ತಿದ್ದಿ ಮಾದಕ ವ್ಯಾಪಾರವನ್ನೂ ಅದರೊಳಗೆ ತಂದಿತು. ದೊಡ್ಡ ಜಾಲಗಳ ಮೇಲೆ ಅದರಿಂದ ಪ್ರಯೋಜನವಾಗಬಹುದು. ಆದರೆ ಕಣ್ಣು ಮುಚ್ಚುವ ವ್ಯಾಪಾರ ಹಾಗೆಯೇ ಉಳಿದರೆ, ಕಠಿಣ ಶಿಕ್ಷೆ ಮಾಡುವ ಕೆಲಸ ಒಂದೇ: ಕಣ್ಣು ಮುಚ್ಚುವ ದರ ಏರಿಸುವುದು. ಆರು ತಿಂಗಳ ಶಿಕ್ಷೆ ತಪ್ಪಿಸಲು ಕೊಡುವ ದುಡ್ಡಿಗೂ 20 ವರ್ಷದ್ದನ್ನು ತಪ್ಪಿಸಲು ಕೊಡುವ ದುಡ್ಡಿಗೂ ಅಂತರವಿದೆ.

ವಿಚಿತ್ರವೆಂದರೆ ಈ ರೋಗಕ್ಕೆ ಮದ್ದು 1985ರ ಮಾದಕ ವಸ್ತು ಕಾಯ್ದೆಯಲ್ಲೇ ಇದೆ. ಅದರ 59ನೇ ಕಲಮಿನ ಪ್ರಕಾರ, ಕರ್ತವ್ಯದಲ್ಲಿದ್ದು ಬೇಕೆಂದೇ ಈ ವ್ಯಾಪಾರಕ್ಕೆ ನೆರವಾದ ಅಧಿಕಾರಿಗೆ 10ರಿಂದ 20 ವರ್ಷದ ಶಿಕ್ಷೆ, ಜೊತೆಗೆ ದಂಡ. ಆದರೆ ಅದೇ ಕಲಮು ಒಂದು ಬೀಗವನ್ನೂ ಹಾಕಿದೆ. ಸರ್ಕಾರದ ಪೂರ್ವಾನುಮತಿ ಪಡೆದ ಲಿಖಿತ ದೂರು ಇಲ್ಲದೆ ನ್ಯಾಯಾಲಯ ಆ ಅಪರಾಧವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಗೃಹ ಇಲಾಖೆಯ ಮನುಷ್ಯನ ಮೇಲೆ ಕ್ರಮಕ್ಕೆ ಸರ್ಕಾರದ್ದೇ ಅಪ್ಪಣೆ. ಈ ಅನುಮತಿಗೆ ಗಡುವು ಬೇಕು. ಇಷ್ಟು ದಿನದೊಳಗೆ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ತಿಳಿಯಬೇಕು. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಲಿ ಎಂದಿತು. ಅದರ ವಿಳಾಸ ಪ್ರತಿ ಠಾಣೆಯ ಬಾಗಿಲಲ್ಲಿ ಮರಾಠಿಯಲ್ಲೂ ಇತರ ಭಾಷೆಗಳಲ್ಲೂ ಕಾಣಬೇಕು.

ಇವು ಸರ್ಕಾರದ ಪಾಲು. ನಮ್ಮ ಪಾಲೂ ಇದೆ. ಈ ಊರುಗಳಲ್ಲಿ ಕನ್ನಡಿಗರಿಗೆ ಸಂಘಗಳಿವೆ, ಶಾಲೆಗಳಿವೆ, ಹೋಟೆಲು ಮಾಲೀಕರ ಒಕ್ಕೂಟಗಳಿವೆ. ಯಕ್ಷಗಾನಕ್ಕೆ, ನಾಡಹಬ್ಬಕ್ಕೆ ಸಾವಿರ ಜನ ಸೇರಿಸಬಲ್ಲೆವು. ಒಬ್ಬ ಹೋಟೆಲಿನವನು ಹಫ್ತಾ ಕೊಡುವುದಿಲ್ಲ ಎಂದರೆ ಅವನ ಅಂಗಡಿ ಮುಚ್ಚುತ್ತದೆ. ಇಡೀ ಒಕ್ಕೂಟ ಬರವಣಿಗೆಯಲ್ಲಿ ಹೇಳಿದರೆ ಮುಚ್ಚುವುದು ಕಷ್ಟ. ಅದಕ್ಕೆ ಬೆಲೆಯಿದೆ: ಸಮಯಕ್ಕೆ ಸರಿಯಾಗಿ ಬಾರು ಮುಚ್ಚಬೇಕು, ಫುಟ್‌ಪಾತಿನ ಮೇಜು ಒಳಗೆ ಹೋಗಬೇಕು. ತಿಂಗಳಿಗೆ ಒಂದಿಷ್ಟು ಆದಾಯ ಕಡಿಮೆಯಾಗುತ್ತದೆ. ಆ ನಷ್ಟ ಬೇಡ, ಮಗ ಮಾತ್ರ ಕ್ಷೇಮವಾಗಿರಲಿ ಎಂದರೆ ಆಗುವುದಿಲ್ಲ.

ಮನೆಯೊಳಗಿನ ಮೌನವನ್ನೂ ಮುರಿಯಬೇಕು. ಮಗನಿಗೆ ಚಟ ಹತ್ತಿದೆ ಎಂದು ತಿಳಿದರೆ ನಮ್ಮವರು ಮೊದಲು ಮುಚ್ಚುವುದು ಬಾಗಿಲು, ಆಮೇಲೆ ಹುಡುಕುವುದು ಪೊಲೀಸರ ಪರಿಚಯದವರನ್ನು. ಅಲ್ಲಿಗೆ ಇನ್ನೊಂದು ಹಫ್ತಾ ಶುರು. ಅದೇ ಕಾಯ್ದೆಯ 64ಎ ಕಲಮು ಬಹಳ ಜನಕ್ಕೆ ಗೊತ್ತಿಲ್ಲ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರದ ಮಾನ್ಯತೆಯಿರುವ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, ಆ ಆರೋಪದ ವಿಚಾರಣೆಯಿಂದ ಅವನಿಗೆ ರಕ್ಷಣೆಯುಂಟು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋಗಬಹುದು. ಪುಣೆಯಲ್ಲಿ ಅನಿತಾ ಮತ್ತು ಅನಿಲ್ ಅವಚಟ ದಂಪತಿ 1986ರಲ್ಲಿ ಕಟ್ಟಿದ ಮುಕ್ತಾಂಗಣದಂಥ ಕೇಂದ್ರಗಳಿವೆ. ವ್ಯಸನಮುಕ್ತಿಯ ಸಹಾಯವಾಣಿ 14446, ಮಾದಕ ವ್ಯಾಪಾರದ ಮಾಹಿತಿ ಕೊಡಲು 1933. ನಮ್ಮ ಸಂಘಗಳ ಸೂಚನಾ ಫಲಕದಲ್ಲಿ ಕಾರ್ಯಕ್ರಮದ ಆಮಂತ್ರಣದ ಪಕ್ಕ ಈ ಎರಡು ಸಂಖ್ಯೆಗಳಿಗೆ ಜಾಗ ಸಿಗಲಿ.

ಊರು ಸುರಕ್ಷಿತವೇ ಎಂದು ಅಳೆಯಲು ಹಿಡಿದ ಕಿಲೋಗಳ ಲೆಕ್ಕ ಸಾಲದು. ಅದು ಎಷ್ಟು ಸಿಕ್ಕಿತು ಎನ್ನುತ್ತದೆ, ಎಷ್ಟು ದಾಟಿತು ಎನ್ನುವುದಿಲ್ಲ. ನನ್ನ ಅಳತೆ ಸರಳ. ಡೊಂಬಿವಲಿಯ ಒಬ್ಬ ತಾಯಿ ಸಂಜೆ ಠಾಣೆಗೆ ಹೋಗಿ ಪುಡಿ ಮಾರುವವನ ಹೆಸರು ಹೇಳಿದರೆ, ಮರುದಿನ ಬೆಳಗ್ಗೆ ಅವಳ ಹೆಸರು ಆ ಟಪರಿಗೆ ತಲುಪಿರಬಾರದು. ಅಷ್ಟು ಭರವಸೆ ಸಿಗುವವರೆಗೆ ಈ ಊರುಗಳಲ್ಲಿ ಯಾವ ಕಾನೂನೂ ಬಿಗಿಯಾಗಿಲ್ಲ.