ಹಾಲಿನ ಲೆಕ್ಕದಲ್ಲಿ ಕೊರೊನಾ

ಅಟ್ಟದ ಮೇಲಿನ ಹಳೇ ಪೇಪರನ್ನು ತೂಕಕ್ಕೆ ಹಾಕೋಣ ಅಂತ ಕೆಳಗಿಳಿಸುತ್ತಿದ್ದಾಗ 2020ರ ನನ್ನ ಲೆಕ್ಕದ ಪುಸ್ತಕ ಸಿಕ್ಕಿತು. ಮದುವೆಯಾದ ಹೊಸತರಲ್ಲಿ ಅತ್ತೆ ಕಲಿಸಿದ ಅಭ್ಯಾಸ ಇದು. ಹಾಲು, ತರಕಾರಿ, ಗ್ಯಾಸು, ಮಗಳ ಫೀಸು, ಎಲ್ಲಕ್ಕೂ ಒಂದೊಂದು ಸಾಲು. ಮಾರ್ಚ್ ಕೊನೆಯ ಪುಟ ತೆಗೆದರೆ ನಗು ಬಂತು. ಅಕ್ಕಿ 25 ಕೆ.ಜಿ., ರವೆ 5 ಕೆ.ಜಿ., ಸಾಬೂನು ಹನ್ನೆರಡು! ಯುದ್ಧಕ್ಕೆ ಹೊರಟವರ ಹಾಗೆ ಸಾಮಾನು ತುಂಬಿಸಿದ್ದೆ. ನೀವೂ ತುಂಬಿಸಿರ್ತೀರಿ, ಸುಳ್ಳು ಹೇಳಬೇಡಿ.

ಆ ದಿನಗಳಲ್ಲಿ ಬೆಳಗ್ಗೆ ಕಾಫಿ ಜೊತೆ ಎಲ್ಲರೂ ಓದುತ್ತಿದ್ದುದು ಒಂದೇ ಸುದ್ದಿ. ಇವತ್ತು ಎಷ್ಟು ಕೇಸು, ಎಷ್ಟು ಸಾವು? ದೇಶದ ಮೊದಲ ಕೇಸು ಕೇರಳದಲ್ಲಿ, 2020ರ ಜನವರಿ 30ಕ್ಕೆ. ಮೊದಲ ಸಾವು ನಮ್ಮ ಕಲಬುರಗಿಯ ಹಿರಿಯರೊಬ್ಬರದು, ಮಾರ್ಚ್ 10ಕ್ಕೆ. ಒಂದು, ಎರಡು ಅಂತ ಬೆರಳೆಣಿಸುತ್ತಿದ್ದ ನಾವು ಮರುವರ್ಷ ಮೇ ಮೊದಲ ವಾರ ಒಂದೇ ದಿನಕ್ಕೆ 4 ಲಕ್ಷ 14 ಸಾವಿರ ಹೊಸ ಕೇಸು ಎಂದು ಓದಿ, ಪೇಪರ್ ಮಡಚಿ, ಸಾರಿಗೆ ಒಗ್ಗರಣೆ ಹಾಕಲು ಎದ್ದೆವು. ಅಂಕಿ ದೊಡ್ಡದಾದಷ್ಟೂ ಮನಸ್ಸಿಗೆ ತಟ್ಟೋದು ಕಡಿಮೆಯಾಗುತ್ತೆ, ಅಲ್ವಾ?

ಅಂಕಿ-ಅಂಶ ಅಂದರೆ ಗಂಡಸರು ಟಿ.ವಿ. ಮುಂದೆ ಕೂತು ಜಗಳ ಆಡೋ ವಿಷಯ ಅಂತ ನಾವು ಬಿಟ್ಟುಬಿಡುತ್ತೇವೆ. ಹಾಗೆ ಬಿಡಬಾರದು ಅನ್ನೋದು ನನ್ನ ವಾದ. ಹಾಲಿನವನು ಒಂದು ಪ್ಯಾಕೆಟ್ ಜಾಸ್ತಿ ಬರೆದರೆ ತಿಂಗಳ ಕೊನೆಗೆ ಹಿಡಿಯುವವರು ನಾವು. ದೇಶದ ಲೆಕ್ಕ ಬಂದಾಗ ಮಾತ್ರ ಕಣ್ಣು ಮುಚ್ಚಿ ಪುಟ ತಿರುಗಿಸೋದು ಯಾಕೆ? ಆ ಲೆಕ್ಕದಲ್ಲಿ ಯಾರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಅಂತ ನೋಡಲು ನಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?

ಸಾವಿನ ಲೆಕ್ಕವನ್ನೇ ನೋಡಿ. ಸರ್ಕಾರದ ಪ್ರಕಾರ ನಮ್ಮ ದೇಶದಲ್ಲಿ ಕೊರೊನಾದಿಂದ ತೀರಿಕೊಂಡವರು ಸುಮಾರು 5 ಲಕ್ಷದ 33 ಸಾವಿರ. ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಹೇಳಿದ್ದು ಬೇರೆ. 2020 ಮತ್ತು 2021, ಈ ಎರಡೇ ವರ್ಷದಲ್ಲಿ ವಾಡಿಕೆಗಿಂತ ಸುಮಾರು 47 ಲಕ್ಷ ಹೆಚ್ಚು ಸಾವು ಆಗಿವೆ ಎಂದು ಅದರ ಅಂದಾಜು. ಲೆಕ್ಕ ಹಾಕಿದ ರೀತಿಯೇ ಸರಿಯಿಲ್ಲ ಎಂದು ನಮ್ಮ ಸರ್ಕಾರ ತಕರಾರು ಮಾಡಿತು. ಯಾರದ್ದು ಸರಿ ಅಂತ ತೀರ್ಪು ಕೊಡೋಕೆ ನಾನ್ಯಾರು? ಆದರೆ ಎರಡೂ ಒಂದೇ ಲೆಕ್ಕ ಅಲ್ಲ ಅನ್ನೋದಂತೂ ಗೊತ್ತಿರಲಿ. ಒಂದು, ಕೊರೊನಾ ಸಾವು ಎಂದು ದಾಖಲೆಗೆ ಸೇರಿದವರ ಎಣಿಕೆ. ಇನ್ನೊಂದು, ಸಾಮಾನ್ಯವಾಗಿ ಎಷ್ಟು ಸಾವು ಆಗುತ್ತಿತ್ತೋ ಅದಕ್ಕಿಂತ ಎಷ್ಟು ಜಾಸ್ತಿ ಆಯಿತು ಎಂಬ ಅಂದಾಜು. ಬೆಡ್ ಸಿಗದೆ ಮನೆಯಲ್ಲೇ ಹೋದವರು, ಡಯಾಲಿಸಿಸ್‌ಗೆ ಹೋಗಲಾಗದೆ ಹೋದವರು ಎರಡನೆಯದರಲ್ಲಿ ಬರುತ್ತಾರೆ, ಮೊದಲನೆಯದರಲ್ಲಿ ಬರುವುದು ಕಷ್ಟ.

ಮೂರನೆಯ ಲೆಕ್ಕವೂ ಒಂದಿದೆ. ಜನನ-ಮರಣ ನೋಂದಣಿಯದು. 2021ರ ಆ ಲೆಕ್ಕ ಹೊರಬಂದಿದ್ದೇ 2025ರ ಮೇ ತಿಂಗಳಲ್ಲಿ! ಅದರಂತೆ ದೇಶದಲ್ಲಿ ನೋಂದಣಿಯಾದ ಒಟ್ಟು ಸಾವು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷದಲ್ಲಿ 21 ಲಕ್ಷದ ಜಿಗಿತ. ಎಲ್ಲವೂ ಕೊರೊನಾದಿಂದಲೇ ಅನ್ನೋ ಹಾಗಿಲ್ಲ. ನೋಂದಣಿ ಮಾಡಿಸುವವರೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾರೆ. ಹಾಗಂತ ಅಷ್ಟನ್ನೂ ಅದರ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳೋಕೂ ಆಗಲ್ಲ. ಇನ್ನೊಂದು ಸಂಗತಿ ಓದಿ ನಾನು ಬೆಚ್ಚಿದೆ. 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಕಾರಣ ಇಂಥದ್ದು ಎಂದು ವೈದ್ಯರು ಪ್ರಮಾಣೀಕರಿಸಿದ್ದು ಶೇ 22.5 ಮಾತ್ರ. ಉಳಿದವರು ಯಾವುದರಿಂದ ಹೋದರು? ಮನೆಯವರು ಹೇಳಿದ್ದೇ ಕಾರಣ.

ಇದೆಲ್ಲ ಪೇಪರಿನಲ್ಲಿ ಓದಿದ್ದರೆ ನಾನೂ ಮರೆತುಬಿಡುತ್ತಿದ್ದೆನೇನೋ. ಮರೆಯಲಾಗದ್ದು ನಮ್ಮ ಎದುರು ಫ್ಲಾಟಿನ ಅಕ್ಕನ ಕಥೆ.

ಅಕ್ಕನ ಯಜಮಾನರು ಹೋಗಿದ್ದು 2021ರ ಮೇ ತಿಂಗಳಲ್ಲಿ. ಜ್ವರ ಬಂದ ಮೂರನೇ ದಿನ ಲ್ಯಾಬಿನ ಹುಡುಗ ಮನೆಗೇ ಬಂದು ಮೂಗಿಗೆ ಕಡ್ಡಿ ಹಾಕಿ ಹೋದ. ಪಾಸಿಟಿವ್ ಅಂತ ಮೊಬೈಲಿಗೆ ಮೆಸೇಜ್ ಬಂತು. ಬೆಡ್ಡಿಗಾಗಿ ಇಡೀ ರಾತ್ರಿ ಫೋನು. ಬೆಡ್ ಸಿಗೋ ಹೊತ್ತಿಗೆ ಅವರೇ ಇರಲಿಲ್ಲ. ಆಮೇಲೆ ಸುಪ್ರೀಂ ಕೋರ್ಟ್ ಒಪ್ಪಿಗೆಯ ಮೇರೆಗೆ, ಕೊರೊನಾದಿಂದ ಮನೆಯವರನ್ನು ಕಳೆದುಕೊಂಡವರಿಗೆ 50 ಸಾವಿರ ಪರಿಹಾರ ಅಂತ 2021ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಟೆಸ್ಟ್ ಆದ 30 ದಿನದೊಳಗೆ ಸಾವಾಗಿದ್ದರೆ, ಮನೆಯಲ್ಲೇ ಆಗಿದ್ದರೂ ಅದನ್ನು ಕೊರೊನಾ ಸಾವೆಂದೇ ಪರಿಗಣಿಸಬೇಕು ಅನ್ನೋದು ನಿಯಮ. ಅಕ್ಕ ಮರಣ ಪ್ರಮಾಣಪತ್ರ ಹಿಡಿದು ಹೋದರು. ಅದರಲ್ಲಿ ಕಾರಣದ ಕಾಲಮ್ಮೇ ಇರೋದಿಲ್ಲ, ನಿಮಗೆ ಗೊತ್ತಾ? ನನಗೂ ಗೊತ್ತಿರಲಿಲ್ಲ. ‘ಟೆಸ್ಟ್ ರಿಪೋರ್ಟ್ ತನ್ನಿ’ ಅಂದರು. ರಿಪೋರ್ಟ್ ಕಾಗದ ಎಲ್ಲಿದೆ? ಇದ್ದಿದ್ದು ಬರೀ ಮೆಸೇಜು. ಆ ಮೊಬೈಲನ್ನು ಮಗನ ಆನ್‌ಲೈನ್ ಕ್ಲಾಸಿಗೆ ಕೊಟ್ಟು, ಜಾಗ ಸಾಲದು ಅಂತ ಅವನು ಎಲ್ಲ ಅಳಿಸಿ ಹಾಕಿದ್ದ. ಪಾಪ, ಮಗು ತಾನೇ.

ಲ್ಯಾಬಿನವರು ಟೆಸ್ಟ್ ಮಾಡಿದ ದಿನ ಕೇಳಿದರು. ಅಕ್ಕನಿಗೆ ಆ ವಾರದ ದಿನಗಳೇ ನೆನಪಿಲ್ಲ. ಹೇಗೆ ನೆನಪಿರುತ್ತೆ? ಆಗ ನನಗೆ ಹೊಳೆಯಿತು. ಆವತ್ತು ಲ್ಯಾಬಿನ ಹುಡುಗನಿಗೆ ದುಡ್ಡು ಕೊಟ್ಟವಳು ನಾನು, ಅವರ ಮನೆಯಲ್ಲಿ ಚಿಲ್ಲರೆ ಇರಲಿಲ್ಲ. ಪುಸ್ತಕ ತೆಗೆದು ನೋಡಿದರೆ ಮೇ 2ರ ಸಾಲಿನಲ್ಲಿ, ಹಾಲಿನ ಕೆಳಗೆ, ‘ಎದುರು ಮನೆ ಟೆಸ್ಟ್’ ಅಂತ ನನ್ನದೇ ಕಾಗೆ ಕಾಲಿನ ಅಕ್ಷರ! ಆ ತಾರೀಖು ಹಿಡಿದು, ಫೋನ್ ನಂಬರ್ ಕೊಟ್ಟು ಹುಡುಕಿಸಿದ ಮೇಲೆ ರಿಪೋರ್ಟ್ ಸಿಕ್ಕಿತು. ಅರ್ಜಿ ಹೋಯಿತು, ತಡವಾಗಿಯಾದರೂ ಹಣ ಬಂತು. ಐವತ್ತು ಸಾವಿರದಿಂದ ಹೋದವರು ಬರಲ್ಲ. ಆದರೆ ಅಕ್ಕ ಹೇಳಿದ್ದು ಬೇರೆಯೇ ಮಾತು: ‘ನಮ್ಮನೆಯವರು ಯಾವ ಲೆಕ್ಕಕ್ಕೂ ಇಲ್ಲದೆ ಹೋದ್ರಲ್ಲ ಅನ್ನೋ ಸಂಕಟ ಇತ್ತು ಕಣೆ. ಈಗ ಲೆಕ್ಕಕ್ಕಾದ್ರೂ ಸೇರಿದ್ರು.’

ಅದಕ್ಕೇ ಗೆಳತಿಯರೇ, ಮೊದಲ ಕೆಲಸವಾಗಿ ಮನೆಯಲ್ಲಿ ಒಂದು ಫೈಲು ಮಾಡಿ. ಆಸ್ಪತ್ರೆ ಚೀಟಿ, ಲ್ಯಾಬ್ ರಿಪೋರ್ಟು, ವಿಮೆ ಕಾಗದ, ಪಾಸ್‌ಬುಕ್ಕಿನ ಜೆರಾಕ್ಸು ಎಲ್ಲ ಅದರಲ್ಲಿರಲಿ. ಮೊಬೈಲಿಗೆ ಬಂದಿದ್ದನ್ನು ಪ್ರಿಂಟ್ ತೆಗೆಸಿ. ಯಜಮಾನರ ಬ್ಯಾಂಕ್ ಖಾತೆಗೆ ನಾಮಿನಿ ಯಾರು ಅಂತ ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಕೇಳಿ. ಮುಜುಗರ ಪಡಬೇಡಿ. ಮನೆಯಲ್ಲಿ ಸಾವಾದರೆ 21 ದಿನದೊಳಗೆ ನೋಂದಣಿ ಮಾಡಿಸಬೇಕು ಅನ್ನೋದೂ ತಿಳಿದಿರಲಿ. ಅಶುಭ ಮಾತು ಯಾಕೆ ಅಂತ ಅತ್ತೆ ಬೈದರೆ ಬೈಲಿ.

ಇನ್ನು ದುಡ್ಡಿನ ಲೆಕ್ಕ. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ 23.9ರಷ್ಟು ಕುಸಿಯಿತು ಅಂತ ಆಗಸ್ಟ್ ಕೊನೆಗೆ ಪ್ರಕಟವಾಯಿತು. ಇಡೀ ವರ್ಷಕ್ಕೆ ಶೇ 7.3 ಕುಸಿತ ಎಂದು ಒಮ್ಮೆ ಅಂದಾಜು ಮಾಡಿ, ಆಮೇಲೆ ತಿದ್ದಿ ತಿದ್ದಿ ಶೇ 5.8ಕ್ಕೆ ತಂದರು. ಮರುವರ್ಷ ಶೇ 9ಕ್ಕಿಂತ ಹೆಚ್ಚು ಬೆಳವಣಿಗೆ ಎಂದು ಸಂಭ್ರಮ. ನಮ್ಮನೆಯವರೂ ‘ನೋಡು, ಹೆಂಗೆ ಎದ್ದು ನಿಂತ್ವಿ’ ಅಂತ ಎದೆಯುಬ್ಬಿಸಿದರು. ನಾನು ಕೇಳಿದೆ, ನೂರು ರೂಪಾಯಿ ಇದ್ದದ್ದು 94 ಆಯ್ತು, ಅದರ ಮೇಲೆ ಒಂಬತ್ತು ಪರ್ಸೆಂಟ್ ಬಂದರೆ ನೂರಾ ಎರಡೋ ಮೂರೋ ಆಯ್ತು. ಎರಡು ವರ್ಷಕ್ಕೆ ಎರಡು ಮೂರು ರೂಪಾಯಿ, ಅಷ್ಟೇ ತಾನೇ? ಅವರು ಪೇಪರಿನ ಕ್ರೀಡಾ ಪುಟಕ್ಕೆ ಹೋದರು.

ಈ ಜಿಡಿಪಿಯಲ್ಲಿ ನಮ್ಮ ಅಡುಗೆಮನೆ ಇಲ್ಲ ಅನ್ನೋದು ಹಳೇ ದೂರು. ಆದರೂ ಹೇಳದೆ ಇರಲಾರೆ. ದೇಶ ನಿಂತೇ ಹೋಗಿದೆ ಅಂದ ಆ ಮೂರು ತಿಂಗಳು ನಮ್ಮ ಒಲೆ ನಿಂತಿತ್ತಾ? ಮೂರು ಹೊತ್ತು ಅಡುಗೆ, ಮಗಳ ಕ್ಲಾಸು, ಮಾವನ ಬಿಪಿ ಮಾತ್ರೆ, ಸಾಲದ್ದಕ್ಕೆ ತರಕಾರಿಯನ್ನೂ ಸೋಡಾಪುಡಿ ಹಾಕಿ ತೊಳೆಯೋ ಭಾಗ್ಯ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ಒಮ್ಮೆ ನಡೆಯಿತು, 2024ರಲ್ಲಿ ಇನ್ನೊಮ್ಮೆ. ಕೊರೊನಾದ ಆಚೆ ಒಂದು, ಈಚೆ ಒಂದು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಕೊಡುತ್ತಿದ್ದುದು ಆಗ ಸರಾಸರಿ 299 ನಿಮಿಷ, ಈಗ 289. ಗಂಡಸರು ಆಗ 97, ಈಗ 88. ಅದೂ ಆ ಕೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ. 2019ರಲ್ಲಿ ಕೈ ಹಾಕುತ್ತಿದ್ದವರೇ ನಾಲ್ವರಲ್ಲಿ ಒಬ್ಬರು. ಲಾಕ್‌ಡೌನ್‌ನಲ್ಲಿ ಹುರುಳಿಕಾಯಿ ನಾರು ತೆಗೆದು ವಾಟ್ಸಾಪ್‌ಗೆ ಫೋಟೊ ಹಾಕಿದ ಮಹನೀಯರೆಲ್ಲ ಎಲ್ಲಿ ಹೋದರೋ!

ತಮಾಷೆ ಇರಲಿ. ನನ್ನ ಪುಸ್ತಕದಲ್ಲಿ ತಮಾಷೆಯಲ್ಲದ ಒಂದು ಸಾಲೂ ಇದೆ.

ನಮ್ಮಲ್ಲಿ ಪಾತ್ರೆ, ಕಸಕ್ಕೆ ಬರುತ್ತಿದ್ದಾಕೆಗೆ ಆಗ ತಿಂಗಳಿಗೆ 3,000 ಕೊಡುತ್ತಿದ್ದೆ. ಲಾಕ್‌ಡೌನ್ ಆದ ಮೇಲೆ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಅವರನ್ನು ಬಿಡಲಿಲ್ಲ. ಏಪ್ರಿಲ್‌ನಲ್ಲಿ ಪೂರ್ತಿ ಸಂಬಳ ಕೊಟ್ಟೆ, ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡೆ. ಮೇನಲ್ಲಿ ಅರ್ಧ, 1,500. ಅಷ್ಟು ಹೊತ್ತಿಗೆ ನಮ್ಮನೆಯವರ ಸಂಬಳದಲ್ಲೂ ಕಡಿತ ಆಗಿತ್ತು. ಜೂನ್‌ನಲ್ಲಿ ಆ ಜಾಗದಲ್ಲಿ ಒಂದು ಅಡ್ಡಗೀಟು. ‘ಕೆಲಸಕ್ಕೇ ಬಂದಿಲ್ವಲ್ಲ’ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದು ನೆನಪಿದೆ. ಬರೋಕೆ ಬಿಡದವರು ನಾವೇ ಅನ್ನೋದು ಆಗ ಹೊಳೆಯಲಿಲ್ಲ, ಅಥವಾ ಹೊಳೆಯೋದು ಬೇಕಿರಲಿಲ್ಲ. ಅದೇ ಜೂನ್‌ನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಟ್ಯಾಬ್ ಕೊಂಡ ಲೆಕ್ಕ ಎರಡೇ ಸಾಲು ಕೆಳಗಿದೆ.

ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಒಂದು ವರದಿ ತಂದಿತ್ತು. ಲಾಕ್‌ಡೌನ್‌ಗೆ ಮೊದಲು ದುಡಿಯುತ್ತಿದ್ದ ಗಂಡಸರಲ್ಲಿ ಶೇ 61 ಮಂದಿಯ ಕೆಲಸ ಉಳಿಯಿತು, ಶೇ 7 ಮಂದಿ ಕೆಲಸ ಕಳೆದುಕೊಂಡು 2020ರ ಕೊನೆಯಾದರೂ ಮರಳಲಿಲ್ಲ. ಹೆಂಗಸರಲ್ಲಿ ಕೆಲಸ ಉಳಿದದ್ದು ಶೇ 19 ಮಂದಿಗೆ, ಮರಳದೇ ಹೋದವರು ಶೇ 47. ಹತ್ತರಲ್ಲಿ ಹೆಚ್ಚುಕಡಿಮೆ ಐವರು! ಆ ಶೇ 47 ಓದಿದಾಗ ‘ಛೆ, ಸರ್ಕಾರ ಏನಾದರೂ ಮಾಡಬೇಕಿತ್ತು’ ಅಂದಿದ್ದೆ. ಮಾಡಲಿಲ್ಲ ಅಂತಲ್ಲ. ಜನಧನ್ ಖಾತೆ ಇದ್ದ ಹೆಂಗಸರಿಗೆ ಮೂರು ತಿಂಗಳು ತಲಾ 500 ರೂಪಾಯಿ ಹಾಕಿತು. ಐನೂರಕ್ಕೆ ಏನು ಬರುತ್ತೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಕೆ ತನ್ನ ಓಲೆ ಗಿರವಿ ಇಟ್ಟಳು. ಆಕೆ ಒಬ್ಬಳೇ ಅಲ್ಲ. ಚಿನ್ನದ ಬೆಲೆಯ ಶೇ 75ರಷ್ಟು ಮಾತ್ರ ಸಾಲ ಕೊಡಬಹುದು ಎಂದಿದ್ದ ನಿಯಮವನ್ನು ರಿಸರ್ವ್ ಬ್ಯಾಂಕ್ 2020ರ ಆಗಸ್ಟ್‌ನಲ್ಲಿ ಬ್ಯಾಂಕುಗಳಿಗೆ ಸಡಿಲಿಸಿ, ಮರುವರ್ಷ ಮಾರ್ಚ್‌ವರೆಗೆ ಶೇ 90ರ ತನಕ ಕೊಡಲು ಬಿಟ್ಟಿತು. 2020ರ ಮಾರ್ಚ್‌ನಲ್ಲಿ ಸುಮಾರು 33 ಸಾವಿರ ಕೋಟಿ ಇದ್ದ ಬ್ಯಾಂಕುಗಳ ಒಡವೆ ಸಾಲ ಒಂದೇ ವರ್ಷದಲ್ಲಿ 60 ಸಾವಿರ ಕೋಟಿ ದಾಟಿತು. ಆ ಕೋಟಿಗಳಲ್ಲಿ ಎಷ್ಟು ಜನರ ಬಳೆ, ಎಷ್ಟು ಜನರ ಸರ! ಬ್ಯಾಂಕಿಗೆ ಹೋಗಲು ತಿಳಿಯದವರು, ನಮ್ಮಾಕೆಯ ಹಾಗೆ, ಬೀದಿ ಕೊನೆಯ ಗಿರವಿ ಅಂಗಡಿಗೆ ಹೋದರು. ಅದು ಈ ಲೆಕ್ಕದಲ್ಲೂ ಇಲ್ಲ. ಬಡ್ಡಿ ಕಟ್ಟಲಾಗದೆ ಆಕೆಯ ಓಲೆ ಅಲ್ಲೇ ಮುಳುಗಿಹೋಯಿತು. ಒಡವೆ ಇಡಲೇಬೇಕಾದ ಕಾಲ ಬಂದರೆ ಬ್ಯಾಂಕಿನಲ್ಲೇ ಇಡಿ, ಕೆಲಸದವರಿಗೂ ಅದನ್ನೇ ಹೇಳಿ, ಬೇಕಾದರೆ ಜೊತೆಗೆ ಹೋಗಿ. ನಾನು ಹೋಗಲಿಲ್ಲ.

ಆಗಸ್ಟ್ ಮೇಲೆ ಆಕೆ ಮತ್ತೆ ಕೆಲಸಕ್ಕೆ ಬಂದಳು, ಈಗಲೂ ಬರುತ್ತಾಳೆ. ಪುಸ್ತಕ ಸಿಕ್ಕ ದಿನ ಮೇ ತಿಂಗಳ ಬಾಕಿ 1,500, ಜೂನ್‌ದು 3,000, ಒಟ್ಟು 4,500 ಅಂತ ಲೆಕ್ಕ ಹಾಕಿ ಕವರಿನಲ್ಲಿಟ್ಟು ಕಾಯುತ್ತಾ ಕೂತೆ. ಬಂದವಳಿಗೆ ಪುಟ ತೆಗೆದು ತೋರಿಸಿದೆ. ‘ಅಯ್ಯೋ ಬಿಡಿ ಅಕ್ಕ, ಅದೆಲ್ಲ ಈಗ್ಯಾಕೆ’ ಅಂತ ನಕ್ಕು ಪಾತ್ರೆ ಉಜ್ಜಲು ಹೋದಳು. ಕವರ್ ಕಟ್ಟೆಯ ಮೇಲೇ ಇಟ್ಟೆ. ಸ್ವಲ್ಪ ಹೊತ್ತಾದ ಮೇಲೆ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಳ್ಳುತ್ತಾ ಬಂದು ಕೇಳಿದಳು.

‘ಅದ್ರಲ್ಲಿ ಜೂನ್‌ವರೆಗೂ ಮಾತ್ರಾನಾ ಅಕ್ಕ ಇರೋದು? ಜುಲೈನೂ ಇತ್ತಲ್ಲ.’

ಪುಟ ತಿರುಗಿಸಿದೆ. ಜುಲೈ ಪುಟದಲ್ಲಿ ಹಾಲಿತ್ತು, ಗ್ಯಾಸಿತ್ತು, ಕೇಬಲ್ ಬಿಲ್ಲಿತ್ತು. ಆಕೆಯ ಸಾಲೇ ಇರಲಿಲ್ಲ.