ಬಳೆ ಬಲೆಯಾಗದಿರಲಿ

ಕಳೆದ ವರ್ಷದ ರಾಜ್ಯೋತ್ಸವಕ್ಕೆ ನಮ್ಮ ಸಂಘದ ತಂಡ ಒಂದು ಸ್ವಂತ ಹಾಡು ಮಾಡಿತ್ತು. ಸಾಹಿತ್ಯ ನಮ್ಮದೇ, ರಾಗ ನಮ್ಮದೇ, ಲ್ಯಾಪ್‌ಟಾಪಿನಲ್ಲಿದ್ದ ಸಿಂಥ್ ಪ್ಯಾಚುಗಳೂ ನಮ್ಮದೇ. ಹಾಸ್ಟೆಲ್ ರೂಮಿನಲ್ಲಿ ಹೆಡ್‌ಫೋನ್ ಹಾಕ್ಕೊಂಡು ಆ ಪ್ಯಾಡ್ ಕೇಳಿದಾಗ ಮೈ ಜುಮ್ಮೆಂದಿತ್ತು. ಕಾರ್ಯಕ್ರಮ ಮುಗಿದ ಮೇಲೆ ಜೂನಿಯರ್ ಒಬ್ಬ ಬಂದು, "ಹಾಡು ಸೂಪರ್ ಆಗಿತ್ತು ಅಣ್ಣ, ಆದ್ರೆ ಪಲ್ಲವೀಲಿ ಬರೋದು ಬಳೆನಾ, ಬಲೆನಾ?" ಅಂತ ಕೇಳಿದ. ನಮ್ಮ ಮುಖ ಪೆಚ್ಚಾಯ್ತು. ಇಡೀ ಹಾಡು ನಿಂತಿದ್ದೇ ಅಜ್ಜಿಯ ಬಳೆಗಳ ಮೇಲೆ.

ಒಂದು ವಾರ ಸೌಂಡ್ ಸಿಸ್ಟಮ್ಮನ್ನ ಬೈದ್ವಿ. ಮೈಕನ್ನ ದೂರ ಹಿಡಿದಿದ್ದಕ್ಕೆ ಹಾಡಿದವಳನ್ನೂ ಬೈದ್ವಿ. ಆಮೇಲೆ ಅವತ್ತು ಬೇರೆ ಬೇರೆ ಟ್ರ್ಯಾಕುಗಳಾಗಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ತೆಗೆದು, ಪ್ಯಾಡನ್ನ ಮಾತ್ರ ಮ್ಯೂಟ್ ಮಾಡಿ ಕೇಳಿದ್ವಿ. ಅದೇ ದನಿ, ಅದೇ ಮೈಕು, ಆದರೆ 'ಬಳೆ' ಕನ್ನಡಿಯಷ್ಟು ಸ್ಪಷ್ಟ. ಮಾತನ್ನ ನುಂಗಿದ್ದು ನಾವು ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ್ದ ಪ್ಯಾಚು.

ಅದಕ್ಕೇ ಈ ಸಲ ತಂಡಗಳು ತಯಾರಿ ಶುರು ಮಾಡೋ ಮೊದಲೇ ಒಂದು ಮಾತು ಹೇಳಬೇಕು ಅನ್ನಿಸ್ತು. ಪ್ಯಾಚನ್ನ ಒಂಟಿಯಾಗಿ ಕೇಳ್ತಾ ತಯಾರಿಸೋ ಅಭ್ಯಾಸ ಬಿಡೋಣ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ಅನ್ನಕ್ಕೆ ಕಲಸಿಕೊಂಡಾಗಲೇ ಗೊತ್ತಾಗೋದು. ಪ್ಯಾಚೂ ಹಾಗೇ. ಹಾಡು ಓಡ್ತಾ ಇರುವಾಗ, ಹಾಡುವವರ ದನಿಯ ಜೊತೆಗೇ ಅದನ್ನ ಹದ ಮಾಡಬೇಕು.

ತಪ್ಪು ಎಲ್ಲಾಯ್ತು ಅಂತ ಲೆಕ್ಕ ಹಾಕಿ ನೋಡಿದ್ವಿ. ನಮ್ಮ ಪ್ಯಾಡಿನಲ್ಲಿ ಎರಡು ಆಸಿಲೇಟರ್, ಎರಡೂ ಸಾಟೂತ್, ಒಂದೊಂದಕ್ಕೂ ಯೂನಿಸನ್ 7. ಮೂರು ಸ್ವರದ ಕಾರ್ಡ್ ಒತ್ತಿದ್ರೆ ಒಟ್ಟಿಗೆ 42 ಸಾಟೂತ್ ಅಲೆಗಳು. ಫೋರಿಯರ್ ಸರಣಿಯನ್ನ ಕ್ಲಾಸಲ್ಲಿ ಎಲ್ಲರೂ ಓದಿದ್ದೀವಿ. ಸಾಟೂತ್‌ನಲ್ಲಿ ಎಲ್ಲ ಹಾರ್ಮೋನಿಕ್ಕುಗಳೂ ಇರ್ತವೆ, ಬಲ ಮಾತ್ರ 1/n ಪ್ರಕಾರ ಇಳೀತಾ ಹೋಗುತ್ತೆ. 110 ಹರ್ಟ್ಜ್‌ನ ಒಂದೇ ಸ್ವರ ಒತ್ತಿದರೂ 220, 330, 440 ಅಂತ 20 ಕಿಲೋಹರ್ಟ್ಜ್ ಮುಟ್ಟೋ ಹೊತ್ತಿಗೆ 181 ಹಾರ್ಮೋನಿಕ್ಕುಗಳಾಗ್ತವೆ. ಫಿಲ್ಟರ್ ಪೂರ್ತಿ ತೆರೆದಿಟ್ಟಿದ್ವಿ. ಅಂದ್ರೆ ಪ್ಯಾಡ್ ಇಲ್ಲದ ಜಾಗವೇ ಇರಲಿಲ್ಲ.

ಎರಡು ಸದ್ದುಗಳು ಹತ್ತಿರದ ಆವರ್ತನದಲ್ಲಿ ಒಟ್ಟಿಗೆ ಬಂದರೆ ಜೋರಾದದ್ದು ಮೆಲ್ಲಗಿನದನ್ನ ಮುಚ್ಚಿಹಾಕುತ್ತೆ. ಇದಕ್ಕೆ ಮಾಸ್ಕಿಂಗ್ ಅಂತಾರೆ. ಕೆಳಗಿನ ಆವರ್ತನದ ಸದ್ದು ತನಗಿಂತ ಮೇಲಿನದನ್ನ ಮುಚ್ಚೋದು ಹೆಚ್ಚು. ಹಳೇ ಟೆಲಿಫೋನ್ ಲೈನಿನಲ್ಲಿ ಮಾತು ಅರ್ಥವಾಗೋಕೆ 300ರಿಂದ 3400 ಹರ್ಟ್ಜ್ ಸಾಕಾಗ್ತಿತ್ತು. 'ಲ'ಕಾರಕ್ಕೂ 'ಳ'ಕಾರಕ್ಕೂ ಇರೋ ವ್ಯತ್ಯಾಸವಂತೂ, ನಾಲಿಗೆ ಮಡಚಿದಾಗ ಆಗೋ ಒಂದು ಸಣ್ಣ ಬದಲಾವಣೆ, ಹೆಚ್ಚಾಗಿ 2ರಿಂದ 3 ಕಿಲೋಹರ್ಟ್ಜ್ ಆಸುಪಾಸಿನಲ್ಲಿ. ಅಷ್ಟು ನಾಜೂಕಾದ ಜಾಗದಲ್ಲಿ 42 ಸಾಟೂತ್‌ಗಳನ್ನ ತಂದು ನಿಲ್ಲಿಸಿದ್ರೆ ಬಳೆ ಬಲೆಯಾಗದೆ ಇನ್ನೇನಾಗುತ್ತೆ?

"ಅದಕ್ಕೆಲ್ಲ ಈಕ್ಯೂ ಇದೆಯಲ್ಲ, ಮಿಕ್ಸಿಂಗ್ ಮಾಡೋರು ನೋಡ್ಕೋತಾರೆ" ಅಂತ ಗೆಳೆಯರು ಹೇಳ್ತಾರೆ. ನಾವೂ ಮೊದಲು ಹಾಗೇ ಅಂದುಕೊಂಡಿದ್ವಿ. ಆದರೆ ಈಕ್ಯೂಗೆ ಗೊತ್ತಿರೋದು ಆವರ್ತನ ಮಾತ್ರ. ಸ್ವರ ಎಷ್ಟು ಹೊತ್ತು ಎಳೀಬೇಕು, ಯೂನಿಸನ್ ಎಷ್ಟಿರಬೇಕು, ಜೋರಾಗಿ ಒತ್ತಿದಾಗ ಎಷ್ಟು ಹೊಳಪು ಬರಬೇಕು ಅನ್ನೋದೆಲ್ಲ ತೀರ್ಮಾನ ಆಗೋದು ಪ್ಯಾಚಿನ ಒಳಗೆ. ಮೂಲದಲ್ಲೇ ಹಾಕದೆ ಇರೋದನ್ನ ಆಮೇಲೆ ಕತ್ತರಿಸೋ ಪ್ರಮೇಯವೇ ಬರಲ್ಲ.

ಹಾಗಾದ್ರೆ ನಾವು ಏನು ಬದಲಾಯಿಸಿದ್ವಿ? ಮೊದಲು ಕೆಳಗಿನ ತುದಿ. ಬೇಸ್ ಗಿಟಾರ್, ಕಿಕ್ ಡ್ರಮ್ ಇರೋ ಜಾಗದಲ್ಲಿ ಪ್ಯಾಡಿಗೆ ಏನೂ ಕೆಲಸ ಇಲ್ಲ. ಸುಮಾರು 200 ಹರ್ಟ್ಜ್ ಕೆಳಗಿನದನ್ನ ಹೈಪಾಸ್ ಫಿಲ್ಟರಿನಿಂದ ಇಳಿಸಿದ್ವಿ. ಇದು ಹೊಸ ಉಪಾಯವೇನಲ್ಲ. 1982ರ ರೋಲ್ಯಾಂಡ್ ಜೂನೋ-60ರ ಮುಖದ ಮೇಲೇ ಹೈಪಾಸ್ ಫಿಲ್ಟರಿಗೆ ಅಂತ ಒಂದು ಸ್ಲೈಡರ್ ಇದೆ. ಅದರಲ್ಲಿ ಒಂದು ಸ್ವರಕ್ಕೆ ಒಂದೇ ಆಸಿಲೇಟರ್, ಜೊತೆಗೊಂದು ಕೋರಸ್. ಅಷ್ಟರಲ್ಲೇ ಜನ ಮೆಚ್ಚಿದ ಪ್ಯಾಡುಗಳು ಹುಟ್ಟಿದವು. ನಾವೂ ಒಂದು ಆಸಿಲೇಟರ್ ತೆಗೆದುಹಾಕಿ, ಯೂನಿಸನ್ನನ್ನ 7ರಿಂದ 2ಕ್ಕೆ ಇಳಿಸಿದ್ವಿ.

ಎರಡನೇದು ಹೊಳಪು. ಲೋಪಾಸ್ ಫಿಲ್ಟರನ್ನ ಸುಮಾರು 1.5 ಕಿಲೋಹರ್ಟ್ಜ್‌ಗೆ ಇಳಿಸಿ, ಅದನ್ನ ಮಾಡ್ ವೀಲಿಗೆ ಕಟ್ಟಿದ್ವಿ. ದನಿ ಇರುವಾಗ ಮುಚ್ಚಿರುತ್ತೆ, ದನಿ ನಿಂತಾಗ ತೆರೆಯುತ್ತೆ. ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಭಾಗವತರು ಮೆಲ್ಲಗೆ ಪದ ಹೇಳುವಾಗ ಮದ್ದಳೆ ಜೊತೆಗಿರುತ್ತೆ. ಚೆಂಡೆ ಆರ್ಭಟಿಸೋದು ಯುದ್ಧದ, ಕುಣಿತದ ಹೊತ್ತಿಗೆ. ಚೆಂಡೆಯ ಗತ್ತು ಇರೋದೇ ಅದು ಕಾಯೋದರಲ್ಲಿ.

ಮೂರನೇದು ಕಾಲ. ನಮ್ಮ ಹಾಡಿನ ವೇಗ ನಿಮಿಷಕ್ಕೆ 120 ಬೀಟ್, ಅಂದ್ರೆ ಒಂದು ಬೀಟಿಗೆ ಅರ್ಧ ಸೆಕೆಂಡು. ಪ್ಯಾಡಿನ ರಿಲೀಸ್ 2 ಸೆಕೆಂಡ್ ಇಟ್ಟಿದ್ವಿ. ಬೆರಳು ಎತ್ತಿದ ಮೇಲೂ ನಾಲ್ಕು ಬೀಟಿನವರೆಗೆ ಹಳೇ ಕಾರ್ಡು ಹೊಸ ಕಾರ್ಡಿನ ಮೇಲೆ ಮೆತ್ತಿಕೊಂಡಿರ್ತಿತ್ತು. ಅದರ ಮೇಲೆ ಪ್ಯಾಚಿನ ರಿವರ್ಬು, ಅದರ ಮೇಲೆ ಸಭಾಂಗಣದ್ದೇ ಪ್ರತಿಧ್ವನಿ. ರಿಲೀಸನ್ನ ಅರ್ಧ ಸೆಕೆಂಡಿಗೆ ಇಳಿಸಿ, ಪ್ಯಾಚಿನ ರಿವರ್ಬ್ ಆಫ್ ಮಾಡಿದ್ವಿ.

ಸಿಂಥ್‌ನಲ್ಲೇ ಬೇಸ್ ಮಾಡೋರಿಗೆ ಇನ್ನೊಂದು ಕಿವಿಮಾತು. ಕೆಳಗಿನ ಸ್ವರಗಳಿಗೆ ಡೀಟ್ಯೂನ್ ಬೇಡ. 55 ಹರ್ಟ್ಜ್‌ನ ಎರಡು ಅಲೆಗಳ ನಡುವೆ 10 ಸೆಂಟ್ ವ್ಯತ್ಯಾಸ ಇಟ್ಟರೆ ಅವು ಸುಮಾರು 3 ಸೆಕೆಂಡಿಗೊಮ್ಮೆ ಒಂದನ್ನೊಂದು ರದ್ದು ಮಾಡ್ಕೋತವೆ. ಒಂದು ಸ್ವರ ಎದೆಗೆ ಗುದ್ದುತ್ತೆ, ಇನ್ನೊಂದು ಎಲ್ಲಿ ಹೋಯ್ತೋ ಅನ್ನಿಸುತ್ತೆ. ಹಾಗೇ, ಹೆಡ್‌ಫೋನಿನಲ್ಲಿ ಅಗಲವಾಗಿ ಹರಡಿದ ಪ್ಯಾಚನ್ನ ಒಮ್ಮೆ ಮೋನೋದಲ್ಲಿ ಕೇಳಿ. ಎಡ ಬಲ ಎರಡನ್ನೂ ಕೂಡಿಸಿ ಒಂದೇ ಸಿಗ್ನಲ್ ಕಳಿಸೋ ಸಭಾಂಗಣಗಳು ಬೇಕಾದಷ್ಟಿವೆ. ಫೇಸ್ ತಿರುಗಿಸಿ ಗಳಿಸಿದ ಅಗಲ ಅಲ್ಲಿ ಮಾಯ.

ಇಷ್ಟೆಲ್ಲ ಮಾಡೋಕೆ ದುಡ್ಡೇನೂ ಬೇಕಿಲ್ಲ. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ, ವೈಟಲ್‌ಗೂ ಉಚಿತ ಆವೃತ್ತಿ ಇದೆ. ಬೇಕಾಗಿರೋದು ಸ್ವಲ್ಪ ಅಹಂ ಬಿಡೋದು. ನಿಜ ಹೇಳಬೇಕಂದ್ರೆ ನಮಗೆ ಕಷ್ಟ ಆಗಿದ್ದೇ ಅದು. ಅಷ್ಟು ಕಷ್ಟಪಟ್ಟು ಮಾಡಿದ್ದು ಎಲ್ಲರಿಗೂ ಕೇಳಿಸ್ಲಿ ಅನ್ನೋ ಆಸೆ ಯಾರಿಗಿರಲ್ಲ? ಪ್ರೀಸೆಟ್ಟುಗಳ ಕಥೆಯೂ ಇದೇ. ಒಂದು ಕೀ ಒತ್ತಿದ ಕೂಡಲೇ ವಾಹ್ ಅನ್ನಿಸಬೇಕು ಅಂತಲೇ ಅವನ್ನ ಹೆಚ್ಚಾಗಿ ಮಾಡಿರ್ತಾರೆ. ಜೊತೆಗೆ, ಸ್ವಲ್ಪ ಜೋರಾಗಿ ಕೇಳಿಸೋದೇ ಚೆನ್ನಾಗಿದೆ ಅಂತ ನಮ್ಮ ಕಿವಿ ನಂಬಿಬಿಡುತ್ತೆ. ಹಳೇ ಪ್ಯಾಚು ಹೊಸ ಪ್ಯಾಚು ಹೋಲಿಸುವಾಗ ಎರಡರ ವಾಲ್ಯೂಮನ್ನೂ ಸಮ ಮಾಡಿಕೊಂಡೇ ತೀರ್ಪು ಕೊಡಿ.

ಎಲ್ಲ ಪ್ಯಾಚೂ ಬಡಕಲಾಗಿರಬೇಕು ಅಂತ ನಾವು ಹೇಳ್ತಿಲ್ಲ. ದನಿಯೇ ಇಲ್ಲದ ವಾದ್ಯಸಂಗೀತದಲ್ಲಿ, ಪಲ್ಲವಿ ಚರಣಗಳ ನಡುವಿನ ಬಿಜಿಎಮ್ಮಿನಲ್ಲಿ, ಸಿಂಥೇ ನಾಯಕ. ಅಲ್ಲಿ 42 ಅಲ್ಲ, 80 ಸಾಟೂತ್ ಹಾಕಿ, ಯಾರು ಬೇಡ ಅಂತಾರೆ. ಆದರೆ ಸಾಹಿತ್ಯ ಇರೋ ಕನ್ನಡ ಹಾಡಿನಲ್ಲಿ ಮಾತು ಕೇಳಿಸದಿದ್ರೆ, ನಾವು ರಾಜ್ಯೋತ್ಸವಕ್ಕೆ ಹಾಡಿದ್ದಾದ್ರೂ ಯಾಕೆ?

ತಿದ್ದಿದ ಪ್ಯಾಚನ್ನ ಒಂಟಿಯಾಗಿ ಕೇಳಿಸಿದಾಗ ರೂಮ್‌ಮೇಟ್ ನಕ್ಕ. "ಇದೇನ್ರೋ, ಪಕ್ಕದ ರೂಮಲ್ಲಿ ಯಾರೋ ಹಾರ್ಮೋನಿಯಂ ನುಡಿಸ್ತಿರೋ ಹಾಗಿದೆ" ಅಂದ. ಹಾಡಿನ ಜೊತೆ ಹಾಕಿದ್ವಿ. ಪ್ಯಾಡ್ ಇದೆ ಅಂತ ಗೊತ್ತಾಗ್ಲೇ ಇಲ್ಲ, ಆದರೆ ಮ್ಯೂಟ್ ಮಾಡಿದ ಕೂಡಲೇ ಹಾಡು ಬಣಬಣ ಅನ್ನಿಸ್ತು. ಅವನೇ, "ಏಯ್, ಅದನ್ನ ವಾಪಸ್ ಹಾಕ್ರೋ" ಅಂದ.

ಈ ಸಲದ ತಂಡಗಳಿಗೆ ನಮ್ಮ ಕೋರಿಕೆ ಒಂದೇ. ರಿಹರ್ಸಲ್ಲಿನ ದಿನ, ಸಾಹಿತ್ಯ ಗೊತ್ತಿಲ್ಲದ ಒಬ್ಬರನ್ನ ಕೊನೇ ಸಾಲಿನಲ್ಲಿ ಕೂರಿಸಿ, ಕೈಗೆ ಪೆನ್ನು ಪೇಪರ್ ಕೊಡಿ. ಕೇಳಿಸಿದ ಪಲ್ಲವಿಯನ್ನ ಬರೆಯೋಕೆ ಹೇಳಿ. ಅವರು 'ಬಳೆ' ಅಂತ ಬರೆದರೆ ಪ್ಯಾಚ್ ಸೇವ್ ಮಾಡಿ. 'ಬಲೆ' ಅಂತ ಬರೆದರೆ ಅವತ್ತು ರಾತ್ರಿ ಇನ್ನೊಂದಷ್ಟು ಕೆಲಸ ಇದೆ ಅಂತ ಅರ್ಥ.