ಜೀವದಯೆಯ ವೇಷದಲ್ಲಿ ದ್ವೇಷ

ಸಸ್ಯಾಹಾರ ಪ್ರಚಾರದ ಸಭೆಗಳಲ್ಲಿ ಆಗಾಗ ಒಂದು ಮಾತು ಕೇಳಿಬರುತ್ತದೆ: ಹಿಟ್ಲರನ ಆಡಳಿತ ಮನುಷ್ಯರ ವಿಷಯದಲ್ಲಿ ಎಷ್ಟೇ ಕ್ರೂರವಾಗಿದ್ದರೂ ಪ್ರಾಣಿಗಳ ವಿಷಯದಲ್ಲಿ ದಯಾಪರವಾಗಿತ್ತಂತೆ, ಆತ ಪ್ರಾಣಿರಕ್ಷಣೆಗೆ ಕಾನೂನನ್ನೇ ತಂದನಂತೆ. ಹೇಳುವವರ ಧ್ವನಿಯಲ್ಲಿ ಅಲ್ಪಸ್ವಲ್ಪ ಮೆಚ್ಚುಗೆಯೂ ಇರುತ್ತದೆ. ಕಾನೂನು ಬಂದದ್ದು ನಿಜ. ಪ್ರಜ್ಞೆ ತಪ್ಪಿಸದೆ ಪ್ರಾಣಿಗಳನ್ನು ಕೊಲ್ಲಬಾರದೆಂಬ ಶಾಸನ 1933ರ ಏಪ್ರಿಲ್ 21ರಂದು ಬಂದಿತು. ವಿಸ್ತೃತವಾದ ಪ್ರಾಣಿರಕ್ಷಣಾ ಶಾಸನ ಅದೇ ವರ್ಷದ ನವೆಂಬರ್ 24ರಂದು ಬಂದಿತು. ಆದರೆ ಆ ದಯೆಯನ್ನು ಯಾವ ಕೆಲಸಕ್ಕೆ ಬಳಸಲಾಯಿತೆಂದು ಅರಿಯಲು ಶಾಸನದ ಪುಸ್ತಕ ಸಾಲದು. ಒಂದು ಚಲನಚಿತ್ರವನ್ನು ಪರೀಕ್ಷಿಸಬೇಕು.

ಆ ಚಿತ್ರದ ಹೆಸರು ‘ದೇರ್ ಎವಿಗೆ ಯೂದೆ’, ಅಂದರೆ ‘ಶಾಶ್ವತ ಯಹೂದಿ’. ತಯಾರಿಸಿದವನು ಜರ್ಮನ್ ಪ್ರಚಾರ ಸಚಿವಾಲಯದ ಚಲನಚಿತ್ರ ವಿಭಾಗದ ಮುಖ್ಯಸ್ಥ ಫ್ರಿಟ್ಸ್ ಹಿಪ್ಲರ್. ಮಾಡಿಸಿದವನು ಸಚಿವ ಗೋಬೆಲ್ಸ್. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಪೋಲೆಂಡನ್ನು ಆಕ್ರಮಿಸಿದ ಕೆಲವೇ ವಾರಗಳಲ್ಲಿ ಅಲ್ಲಿನ ಯಹೂದಿ ಬೀದಿಗಳಿಗೆ ಕ್ಯಾಮೆರಾಗಳು ನುಗ್ಗಿದವು. 1940ರ ನವೆಂಬರ್ 28ರಂದು ಬರ್ಲಿನ್ನಿನಲ್ಲಿ ಚಿತ್ರ ತೆರೆಕಂಡಿತು. ಇದು ಕಥಾಚಿತ್ರವಲ್ಲ, ಸತ್ಯಸಂಗತಿಗಳ ಸಾಕ್ಷ್ಯಚಿತ್ರ ಎಂದು ಸಾರಲಾಯಿತು. ಯಹೂದಿಗಳನ್ನು ಇಲಿಗಳ ಹಿಂಡಿಗೆ ಹೋಲಿಸುವ ದೃಶ್ಯ ಅದರಲ್ಲಿದೆ. ಕೊನೆಯ ಭಾಗದಲ್ಲಿ ಯಹೂದಿಗಳ ಧಾರ್ಮಿಕ ವಿಧಿಯಂತೆ ದನಕುರಿಗಳನ್ನು ಕೊಯ್ಯುವುದನ್ನು ವಿವರವಾಗಿ ತೋರಿಸಲಾಗಿದೆ. ಆ ಭಾಗವನ್ನು ತೆಗೆದ ಬೇರೊಂದು ಪ್ರತಿಯನ್ನು ಕೋಮಲ ಮನಸ್ಸಿನವರಿಗಾಗಿ ಸಿದ್ಧಪಡಿಸಿದ್ದರೆಂದರೆ ಆ ದೃಶ್ಯಗಳ ಉಗ್ರತೆಯನ್ನು ಊಹಿಸಬಹುದು. ಅದಾದೊಡನೆ 1933ರ ಶಾಸನದ ಪ್ರಶಂಸೆ ಬರುತ್ತದೆ. ಅದರ ಬೆನ್ನಿಗೇ 1939ರ ಜನವರಿ 30ರಂದು ಹಿಟ್ಲರ್ ಮಾಡಿದ ಭಾಷಣ. ಯುದ್ಧ ನಡೆದರೆ ಯೂರೋಪಿನ ಯಹೂದಿ ಕುಲವೇ ನಾಶವಾಗುವುದೆಂದು ಆತ ಬೆದರಿಸಿದ್ದು ಆ ಭಾಷಣದಲ್ಲಿಯೇ.

ಈ ಅನುಕ್ರಮವನ್ನು ವಿವೇಕಿಗಳು ಗಮನಿಸಬೇಕು. ಮೊದಲು ಮೂಕಪ್ರಾಣಿಯ ರಕ್ತ, ಆಮೇಲೆ ಪ್ರೇಕ್ಷಕನ ಮನಸ್ಸಿನಲ್ಲೇಳುವ ಕರುಣೆ, ಆ ಕರುಣೆ ಆರುವ ಮೊದಲೇ ಮನುಷ್ಯಕುಲವೊಂದರ ಸಂಹಾರದ ಘೋಷಣೆ. ಇಲ್ಲಿ ಕರುಣೆಯೇ ಕತ್ತಿಯ ಹಿಡಿಯಾಯಿತು. ಮುಂದಿನ ಐದು ವರ್ಷಗಳೊಳಗೆ ಸುಮಾರು 60 ಲಕ್ಷ ಯಹೂದಿಗಳ ಹತ್ಯೆಯಾಯಿತು.

“ತೋರಿಸಿದ್ದು ನಡೆದ ಸಂಗತಿಯೇ ಅಲ್ಲವೆ? ಪ್ರಾಣಿವಧೆ ಪಾಪವೇ ಅಲ್ಲವೆ?” ಎಂದು ಕೆಲವರು ಕೇಳುವುದುಂಟು. ಪ್ರಾಣಿವಧೆ ಯಾವ ವಿಧಿಯಿಂದ ನಡೆದರೂ, ಯಾರ ಕೈಯಿಂದ ನಡೆದರೂ ಪಾಪವೇ. ಜಿನಧರ್ಮ ಇದರಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಆದರೆ ಹಿಪ್ಲರನ ಚಿತ್ರ ಪ್ರಾಣಿಗಳನ್ನು ಕೊಲ್ಲಬೇಡಿರೆಂದು ಹೇಳಿತೆ? ಜರ್ಮನಿಯ ಕಸಾಯಿಖಾನೆಗಳಲ್ಲಿ ಒಂದಾದರೂ ಮುಚ್ಚಿತೆ? ಪ್ರಜ್ಞೆ ತಪ್ಪಿಸಿ ಕೊಂದ ಹಂದಿಯ ಮಾಂಸ ಆ ದೇಶದ ಊಟದ ಮೇಜಿನ ಮೇಲೆ ಎಂದಿನಂತೆಯೇ ಬರುತ್ತಿತ್ತು. ಚಿತ್ರದ ಗುರಿ ಪ್ರಾಣಿಯ ಪ್ರಾಣವಲ್ಲ, ಯಹೂದಿಯ ಪ್ರಾಣ. ತನ್ನ ಹಿಂಸೆಯನ್ನು ಮರೆಮಾಡಿ ನೆರೆಯವನ ಹಿಂಸೆಯನ್ನು ಮಾತ್ರ ತೂಗುವ ತಕ್ಕಡಿ ಕಳ್ಳತಕ್ಕಡಿ. ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಅಂಗಡಿಯ ತಕ್ಕಡಿಗೆ ಅನ್ವಯಿಸುವ ನಿಯಮ ಮನಸ್ಸಿನ ತಕ್ಕಡಿಗೆ ಅನ್ವಯಿಸದೆ?

ಆ ದಯೆ ಕಪಟವೆಂಬುದಕ್ಕೆ ಆ ಆಡಳಿತವೇ ಸಾಕ್ಷಿ ಒದಗಿಸಿದೆ. 1942ರಲ್ಲಿ ಯಹೂದಿಗಳು ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಕೂಡದೆಂದು ಆಜ್ಞೆಯಾಯಿತು. ಬೇರೆಯವರಿಗೆ ಕೊಡುವುದಕ್ಕೂ ಅವಕಾಶವಿರಲಿಲ್ಲ. ಡ್ರೆಸ್ಡೆನ್ನಿನಲ್ಲಿದ್ದ ಯಹೂದಿ ಮೂಲದ ವಿದ್ವಾಂಸ ವಿಕ್ಟರ್ ಕ್ಲೆಂಪೆರರ್ ದಂಪತಿಗಳು ಬಹುಕಾಲ ಸಾಕಿದ ಬೆಕ್ಕನ್ನು ಆ ವರ್ಷದ ಮೇ ತಿಂಗಳಲ್ಲಿ ಪಶುವೈದ್ಯನ ಬಳಿ ಕೊಲ್ಲಿಸಬೇಕಾಯಿತು. ಆ ಸಂಗತಿ ಅವರ ದಿನಚರಿಯಲ್ಲಿ ದಾಖಲಾಗಿದೆ. ಆ ಬೆಕ್ಕು ಯಾವ ಮತದ್ದು? ಯಜಮಾನನ ಕುಲದ ಕಾರಣಕ್ಕೆ ಬೆಕ್ಕಿನ ಪ್ರಾಣ ತೆಗೆಸಿದವರನ್ನು ಪ್ರಾಣಿದಯಾಪರರೆಂದು ಕೊಂಡಾಡುವುದು ಜೀವದಯೆಯೆಂಬ ಪದಕ್ಕೇ ಮಾಡುವ ಅಪಮಾನ.

ಈ ಚಿತ್ರದ ಇನ್ನೊಂದು ದೋಷ ಸತ್ಯಕ್ಕೆ ಸಂಬಂಧಿಸಿದ್ದು. 1934ರ ‘ದಿ ಹೌಸ್ ಆಫ್ ರಾತ್ಸ್‌ಚೈಲ್ಡ್’ ಎಂಬ ಅಮೆರಿಕದ ಕಥಾಚಿತ್ರದಲ್ಲಿ ತೆರಿಗೆ ವಸೂಲಿಗಾರ ಬಂದಾಗ ಮನೆಯ ಯಜಮಾನ ಹಣವನ್ನು ಬಚ್ಚಿಟ್ಟು ಬಡವನಂತೆ ನಟಿಸುವ ದೃಶ್ಯವಿದೆ. ಯಹೂದಿಗಳಿಗೆ ಆದ ಅನ್ಯಾಯವನ್ನು ಹೇಳುವ ಚಿತ್ರವದು. ಹಿಪ್ಲರ್ ಆ ಅನ್ಯಾಯದ ಕಥೆಯನ್ನು ಬಿಟ್ಟು ಹಣ ಬಚ್ಚಿಡುವ ತುಣುಕನ್ನು ಮಾತ್ರ ಕಿತ್ತು ತನ್ನ ಚಿತ್ರಕ್ಕೆ ಅಂಟಿಸಿದ. 1931ರ ‘ಎಂ’ ಚಿತ್ರದಲ್ಲಿ ಪೀಟರ್ ಲೊರೆ ಎಂಬ ಯಹೂದಿ ನಟ ಶಿಶುಹಂತಕನ ಪಾತ್ರ ವಹಿಸಿದ್ದ. ಆ ಅಭಿನಯವನ್ನೇ ಯಹೂದಿ ಸ್ವಭಾವದ ಪುರಾವೆಯೆಂಬಂತೆ ತೋರಿಸಿದ. ಕಳ್ಳಪತ್ರ ಸೃಷ್ಟಿಯನ್ನು ಆಚಾರ್ಯರು ಕೂಟಲೇಖಕ್ರಿಯೆ ಎಂದು ಕರೆದು ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿದ್ದಾರೆ. ಸಂಕಲನದ ಕತ್ತರಿಯಿಂದ ಸೃಷ್ಟಿಸಿದ ಕಳ್ಳಪತ್ರವೂ ಕೂಟಲೇಖವೇ. ವಸ್ತುವಿನ ಒಂದು ಅಂಶವನ್ನು ಹೇಳುವುದು ನಯ. ಉಳಿದ ಅಂಶಗಳಿಲ್ಲವೇ ಇಲ್ಲವೆನ್ನುವುದು ದುರ್ನಯ. ಒಂದು ಕುಲದ ನೂರಾರು ವರ್ಷಗಳ ವಿದ್ಯೆ, ದುಡಿಮೆ, ಭಕ್ತಿ, ಸಂಸಾರಗಳನ್ನೆಲ್ಲ ಅಳಿಸಿ ಕತ್ತಿ ಮತ್ತು ನಾಣ್ಯ ಎರಡನ್ನೇ ಉಳಿಸುವುದಕ್ಕಿಂತ ದೊಡ್ಡ ದುರ್ನಯ ಯಾವುದು?

ಅದೇ ಪೋಲೆಂಡಿನ ಯಹೂದಿಗಳು ತಮ್ಮ ಬಾಳನ್ನು ತಾವೇ ಚಿತ್ರಿಸಿಕೊಂಡದ್ದೂ ಉಂಟು. 1937ರಲ್ಲಿ ಯಿಡ್ಡಿಶ್ ಭಾಷೆಯಲ್ಲಿ ತಯಾರಾದ ‘ಡಿಬ್ಬುಕ್’ ಆನ್‌ಸ್ಕಿಯ ಪ್ರಸಿದ್ಧ ನಾಟಕವನ್ನು ಆಧರಿಸಿದ ಚಿತ್ರ. ಇಬ್ಬರು ಗೆಳೆಯರು ಹುಟ್ಟಲಿರುವ ತಮ್ಮ ಮಕ್ಕಳಿಗೆ ಮದುವೆ ಮಾಡಿಸುವುದಾಗಿ ಮಾತು ಕೊಟ್ಟುಕೊಳ್ಳುತ್ತಾರೆ. ಒಬ್ಬ ಸಾಯುತ್ತಾನೆ, ಇನ್ನೊಬ್ಬ ಶ್ರೀಮಂತನಾಗಿ ಕೊಟ್ಟ ಮಾತನ್ನು ಮರೆತು ಮಗಳಿಗೆ ಹಣವಂತನ ಮನೆಯ ವರನನ್ನು ಗೊತ್ತುಮಾಡುತ್ತಾನೆ. ಪ್ರಾಣ ಬಿಟ್ಟ ಬಡ ವಿದ್ಯಾರ್ಥಿಯ ಆತ್ಮ ಆ ಹುಡುಗಿಯನ್ನು ಹೊಗುತ್ತದೆ. ಕಡೆಗೆ ಧರ್ಮಸಭೆ ಕೂಡಿ, ಸತ್ತ ಗೆಳೆಯನ ದೂರನ್ನೂ ಕೇಳಿ ವಿಚಾರಣೆ ನಡೆಸುತ್ತದೆ. ಧನಲೋಭದ ಖಂಡನೆ ಇಲ್ಲಿಯೂ ಇದೆ. ಆದರೆ ಇದು ತನ್ನ ಮನೆಯ ದೋಷವನ್ನು ತಾನೇ ಎತ್ತಿ ತೋರುವ ಆಲೋಚನೆ, ಪ್ರತಿಕ್ರಮಣಕ್ಕೆ ಸಮೀಪವಾದುದು. ಹಿಪ್ಲರನ ಚಿತ್ರದಲ್ಲಿ ಲೋಭವು ಒಂದು ಕುಲದ ರಕ್ತ. ‘ಡಿಬ್ಬುಕ್’ನಲ್ಲಿ ಲೋಭವು ಒಬ್ಬ ಮನುಷ್ಯನ ಕಷಾಯ. ಕಷಾಯವನ್ನು ಗೆಲ್ಲಬಹುದು, ರಕ್ತವನ್ನು ಗೆಲ್ಲುವುದೆಂತು? ಹಾಗೆಂದು ನಂಬಿಸಿದ ಮೇಲೆ ಉಳಿಯುವ ಮಾರ್ಗ ಕೊಲೆಯೊಂದೇ.

ಕೂಟಲೇಖವನ್ನು ಬಯಲಿಗೆಳೆಯುವ ಬಗೆಯನ್ನು 2010ರ ‘ಎ ಫಿಲ್ಮ್ ಅನ್‌ಫಿನಿಶ್ಡ್’ ತೋರಿಸಿಕೊಟ್ಟಿತು. 1942ರ ಮೇ ತಿಂಗಳಲ್ಲಿ ನಾಜಿಗಳು ವಾರ್ಸಾದ ಯಹೂದಿ ಕೇರಿಯಲ್ಲಿ ಚಿತ್ರಿಸಿ ಅಪೂರ್ಣವಾಗಿ ಬಿಟ್ಟ ರೀಲುಗಳು ಯುದ್ಧಾನಂತರ ಪೂರ್ವ ಜರ್ಮನಿಯ ದಾಖಲೆಭಂಡಾರದಲ್ಲಿ ದೊರೆತು, ದಶಕಗಳ ಕಾಲ ನಿಜ ದಾಖಲೆಗಳೆಂದೇ ಬಳಕೆಯಾದವು. 1998ರಲ್ಲಿ ಇನ್ನೊಂದು ರೀಲು ಸಿಕ್ಕಿತು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ನಟಿಸಿ ತೆಗೆದದ್ದು, ಹಸಿದವರ ಪಕ್ಕದಲ್ಲಿ ಒಳ್ಳೆಯ ಉಡುಪು ತೊಟ್ಟವರನ್ನು ನಿಲ್ಲಿಸಿ ಯಹೂದಿಗಳು ಕರುಣೆಯಿಲ್ಲದವರೆಂದು ತೋರಿಸಹೊರಟದ್ದು ಅದರಿಂದ ಬಯಲಾಯಿತು. ನಿರ್ದೇಶಕಿ ಯಾಯೆಲ್ ಹೆರ್ಸೋನ್ಸ್ಕಿ ಆ ರೀಲುಗಳನ್ನು ಬದುಕುಳಿದವರ ಮುಂದಿಟ್ಟರು. ಕೇರಿಯ ಆಡಳಿತ ಮಂಡಳಿಯ ಅಧ್ಯಕ್ಷ ಆಡಮ್ ಚೆರ್ನಿಯಾಕೋವ್ ಬರೆದಿಟ್ಟ ದಿನಚರಿಯೊಡನೆ, ಕ್ಯಾಮೆರಾಮನ್ ಕೊಟ್ಟ ಹೇಳಿಕೆಯೊಡನೆ ಹೋಲಿಸಿದರು. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1942ರ ಜುಲೈ 22ರಂದು, ಆ ಕೇರಿಯವರನ್ನು ಟ್ರೆಬ್ಲಿಂಕಾದ ಮರಣಶಿಬಿರಕ್ಕೆ ಸಾಗಿಸುವುದು ಆರಂಭವಾಗಿತ್ತು. ಮರುದಿನವೇ ಚೆರ್ನಿಯಾಕೋವ್ ಪ್ರಾಣ ತ್ಯಜಿಸಿದ್ದ. ಅದಕ್ಕೂ ಮೊದಲು, 1985ರಲ್ಲಿ, ಕ್ಲೋದ್ ಲಾಂಜ್‌ಮನ್ ಒಂಬತ್ತು ಗಂಟೆಗೂ ಮೀರಿದ ‘ಶೋಆ’ ಚಿತ್ರದಲ್ಲಿ ಹಳೆಯ ಚಿತ್ರತುಣುಕು ಒಂದನ್ನೂ ಬಳಸದೆ, ಬದುಕುಳಿದವರು, ನೆರೆಹೊರೆಯವರು, ಅಪರಾಧಿಗಳು ಎಲ್ಲರ ಮಾತನ್ನೂ ಆಲಿಸಿದ್ದರು. ರಕ್ತವನ್ನು ತೋರದೆಯೂ ಸತ್ಯವನ್ನು ಹೇಳಬಹುದೆಂಬುದಕ್ಕೆ ಇದೇ ನಿದರ್ಶನ.

ಇವೆಲ್ಲ ದೂರದೇಶದ ಹಳೆಯ ಮಾತೆಂದು ಜೈನ ಸಮಾಜ ಕೈತೊಳೆದುಕೊಳ್ಳುವಂತಿಲ್ಲ. 1933ರಲ್ಲಿ ಜರ್ಮನಿಯ ಯಹೂದಿಗಳು ಸುಮಾರು 5 ಲಕ್ಷ, ಜನಸಂಖ್ಯೆಯ ಶೇಕಡ ಒಂದಕ್ಕಿಂತ ಕಡಿಮೆ. 2011ರ ಜನಗಣತಿಯಂತೆ ಭಾರತದ ಜೈನರು ಸುಮಾರು 44.5 ಲಕ್ಷ, ಶೇಕಡ ಅರ್ಧಕ್ಕಿಂತ ಕಡಿಮೆ. ವ್ಯಾಪಾರದಿಂದ ಗುರುತಾದ ಸಣ್ಣ ಸಮುದಾಯದ ಮೇಲೆ ಲೋಭದ ಮುದ್ರೆ ಒತ್ತುವುದು ಎಷ್ಟು ಸುಲಭವೆಂಬುದನ್ನು ವರ್ತಕ ಕುಲದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಿಪ್ಲರನಂಥವನ ಚಿತ್ರ ಬಹುಬೇಗ ವಶಮಾಡಿಕೊಳ್ಳುವುದು ಕಟುಕನ ಮನಸ್ಸನ್ನಲ್ಲ. ಇರುವೆಗೂ ಮರುಗುವ ಶ್ರಾವಕನ ಮನಸ್ಸನ್ನು. ಇಂದು ಮೊಬೈಲಿನ ತೆರೆಯ ಮೇಲೆ ಎಲ್ಲಿಯದೋ ಕಸಾಯಿಖಾನೆಯ ದೃಶ್ಯಗಳು ಬರುತ್ತವೆ. ಯಾವುದೋ ಒಂದು ಸಮುದಾಯದ ಹೆಸರು ಹೇಳಿ ‘ಇವರು ಇಂಥವರು’ ಎಂಬ ಒಕ್ಕಣೆಯೂ ಜೊತೆಗಿರುತ್ತದೆ. ಜೀವದಯೆಯ ಸೇವೆಯೆಂದು ಬಗೆದು ಅದನ್ನು ಹತ್ತು ಮಂದಿಗೆ ಕಳಿಸುವವರಲ್ಲಿ ನಿತ್ಯ ದೇವದರ್ಶನ ಮಾಡುವವರೂ ಇದ್ದಾರೆ.

ಪಾಪವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ತಯಾರಿಸಿದವನು ಹಿಪ್ಲರ್, ತಯಾರಿಸಿದಂತೆ ಮಾಡಿಸಿದವನು ಗೋಬೆಲ್ಸ್. ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತು ತಲೆಯಾಡಿಸಿದವನು ಮೂರನೆಯವನು. ಮೂರನೆಯವನಿಲ್ಲದೆ ಮೊದಲಿಬ್ಬರ ವ್ಯಾಪಾರ ನಡೆಯದು. ಕೆಟ್ಟದ್ದಕ್ಕೆ ಕಿವಿಗೊಡುವುದನ್ನು ದುಃಶ್ರುತಿಯೆಂದು ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಎಣಿಸಿದರು. ಚಲನಚಿತ್ರವಿಲ್ಲದ ಕಾಲದ ಆ ಎಚ್ಚರಿಕೆ ಈ ಕಾಲಕ್ಕೆ ಇಮ್ಮಡಿಯಾಗಿ ಸಲ್ಲುತ್ತದೆ.

ಆದಕಾರಣ ಪ್ರಾಣಿಯ ನೋವನ್ನು ತೋರಿಸುವ ಯಾವ ಚಿತ್ರವೇ ಬರಲಿ, ಶ್ರಾವಕನು ಒಂದು ಪ್ರಶ್ನೆಯನ್ನು ಕೇಳಲಿ: ಇದನ್ನು ನೋಡಿದ ಮೇಲೆ ಪ್ರಾಣಿಯ ಮೇಲಿನ ಮೈತ್ರಿ ಹೆಚ್ಚಿತೋ, ಮನುಷ್ಯನ ಮೇಲಿನ ವೈರ ಹೆಚ್ಚಿತೋ? ವೈರ ಹೆಚ್ಚಿದ್ದರೆ ಅದು ಜೀವದಯೆಯಲ್ಲ, ಹಿಂಸಾನಂದವೆಂಬ ರೌದ್ರಧ್ಯಾನ. ಎಲ್ಲ ಜೀವಿಗಳಲ್ಲಿ ಮೈತ್ರಿಯೆಂದು ನಿತ್ಯ ಭಾವಿಸುವವರು ಆ ‘ಎಲ್ಲ’ ಎಂಬುದರಿಂದ ಮನುಷ್ಯನನ್ನು ಹೊರಗಿಡಲು ಯಾವ ಆಗಮದ ಅಪ್ಪಣೆಯೂ ಇಲ್ಲ.